ಕಡೆಗೋಲಿಗೆ ಕರೆಂಟು ಕೊಟ್ಟರೆ

ನಮ್ಮ ಮಗಳು ಬೆಂಗಳೂರಿನಿಂದ ದುರ್ಗಕ್ಕೆ ಬರುವಾಗೆಲ್ಲ ಒಂದೊಂದು ಯಂತ್ರ ಹೊತ್ತು ತರುತ್ತಾಳೆ. ಒಂದು ಸಲ ಬಿಪಿ ನೋಡುವುದು. ಇನ್ನೊಂದು ಸಲ ಎಣ್ಣೆಯಿಲ್ಲದೆ ಬೋಂಡ ಕರಿಯುವುದು. ಎಣ್ಣೆಯೇ ಇಲ್ಲದ ಮೇಲೆ ಅದನ್ನು ಕರಿಯುವುದು ಅಂತ ಯಾಕಮ್ಮ ಕರೀಬೇಕು ಎಂದು ನಾನು ತಕರಾರು ತೆಗೆದದ್ದಕ್ಕೆ ಬಿಪಿ ಯಂತ್ರ ಹೊರಗೆ ಬಂತು. ಹೋದ ವರ್ಷ ಏಪ್ರಿಲ್‌ನಲ್ಲಿ ತಂದದ್ದು ಐಸ್‌ಕ್ರೀಂ ಮಾಡುವ ಯಂತ್ರ. ಏಪ್ರಿಲ್‌ನಲ್ಲಿ ನಮ್ಮೂರು ಹೇಗಿರುತ್ತದೆಂದು ಗೊತ್ತಿರುವವರಿಗೆ ಆ ಡಬ್ಬಿ ನೋಡಿ ನನಗೆಷ್ಟು ಭಕ್ತಿ ಹುಟ್ಟಿತೆಂದು ಬೇರೆ ಹೇಳಬೇಕಿಲ್ಲ. ಹಗಲೆಲ್ಲ ಕಾದ ಬಂಡೆಗಳು ರಾತ್ರಿ ಹತ್ತರವರೆಗೂ ಆ ಕಾವನ್ನು ಬಡ್ಡಿಸಮೇತ ನಮಗೆ ಹಿಂದಿರುಗಿಸುತ್ತಿರುತ್ತವೆ.

ಯಂತ್ರ ದೊಡ್ಡದೇನಲ್ಲ. ಒಂದು ಬೋಗುಣಿ, ಅದರೊಳಗೆ ಒಂದು ಪ್ಲಾಸ್ಟಿಕ್ ಅಲಗು, ಮುಚ್ಚಳದ ಮೇಲೆ ಮುಷ್ಟಿಗಾತ್ರದ ಮೋಟಾರು. ಗುಟ್ಟೆಲ್ಲ ಬೋಗುಣಿಯಲ್ಲಿದೆ. ಅದಕ್ಕೆ ಎರಡು ಗೋಡೆ, ನಡುವೆ ಎಂಥದೋ ದ್ರವ. ಬೋಗುಣಿಯನ್ನು ಒಂದು ಹಗಲು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ತೆಂಗಿನಕಾಯಿಯಾದರೆ ಗುಳುಗುಳು ಅನ್ನಬೇಕು, ಇದು ಗುಳುಗುಳು ಅನ್ನಬಾರದು. ಅಂದರೆ ಇದು ತಾನಾಗಿ ತಣ್ಣಗೆ ಮಾಡುವ ಯಂತ್ರವಲ್ಲ. ಫ್ರಿಜ್ಜಿನಿಂದ ತಂಪು ಸಾಲ ತಂದು, ಅರ್ಧ ಗಂಟೆಯಲ್ಲಿ ಖರ್ಚು ಮಾಡಿ ಕೈ ಒದರುವ ಯಂತ್ರ.

ಆ ಬೋಗುಣಿಗೆ ಫ್ರೀಜರಿನಲ್ಲಿ ಜಾಗ ಬಿಡಿಸುವುದು ಒತ್ತುವರಿ ತೆರವು ಮಾಡಿಸಿದ ಹಾಗಾಯಿತು. ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ದುರ್ಗ ಅಂತ ನಾಲ್ಕೂ ಊರು ಸುತ್ತಿದವನು. ಜಮೀನಿನ ತಕರಾರು ಬೇಕಾದಷ್ಟು ನೋಡಿದ್ದೇನೆ. ಆದರೆ ನಮ್ಮ ಫ್ರೀಜರಿನಲ್ಲಿದ್ದಷ್ಟು ಗಟ್ಟಿ ಸ್ವಾಧೀನ ಎಲ್ಲೂ ನೋಡಿಲ್ಲ. ಕಾಲದಲ್ಲಿ ಕೊಂಡು ಇಟ್ಟ ಹಿದಕಿದ ಅವರೆಬೇಳೆ, ಕಾಯಿತುರಿ, ಅಮ್ಮನ ಮಂಡಿನೋವಿಗೆ ಇಡುವ ಐಸಿನ ಚೀಲ, ಏನೆಂದು ಯಾರಿಗೂ ನೆನಪಿಲ್ಲದ ಒಂದು ಪೊಟ್ಟಣ. “ಇವನ್ನೆಲ್ಲ ಎಲ್ಲಿಡಲಿ?” ಎಂದಳು ನನ್ನ ಹೆಂಡತಿ. ಹೊಟ್ಟೆಯೊಳಗೆ ಎಂದೆ. ಎರಡು ದಿನ ಮೂರು ಹೊತ್ತೂ ಅವರೆಬೇಳೆ ಸಾರು.

ಇಷ್ಟೆಲ್ಲ ಮಾಡಿದರೂ ಮೊದಲ ಸಲ ಐಸ್‌ಕ್ರೀಂ ಬರಲಿಲ್ಲ, ಬೆಣ್ಣೆ ಬಂತು. ತಪ್ಪು ನನ್ನದೂ ಹೌದು, ಕರೆಂಟಿನದೂ ಹೌದು. ರಾತ್ರಿ ಹೋದದ್ದು ಬೆಳಗ್ಗೆ ಬಂದಿತ್ತು. ಬೋಗುಣಿ ಗುಳುಗುಳು ಅನ್ನುತ್ತಲೇ ಇತ್ತು. ಕಿವಿ ಮಂದವಾದ ವಯಸ್ಸಿನಲ್ಲಿ ಕಿವಿಯಿಂದ ಪರೀಕ್ಷೆ ಮಾಡುವ ಕೆಲಸ ಒಪ್ಪಿಕೊಳ್ಳಬಾರದಿತ್ತು. ಎಮ್ಮೆ ಹಾಲಿನ ಕೆನೆ ನಾಲ್ಕು ದಿನದ್ದು ಕೂಡಿಟ್ಟಿದ್ದೆ. ಅದಕ್ಕೆ ಹಾಲು, ಸಕ್ಕರೆ, ವೆನಿಲಾ ಹಾಕಿ ಗುಂಡಿ ಒತ್ತಿದೆ. ಇಪ್ಪತ್ತು ನಿಮಿಷಕ್ಕೆ ಗಟ್ಟಿಯಾಗಲಿಲ್ಲ. ಮೂವತ್ತಕ್ಕೂ ಆಗಲಿಲ್ಲ. ಬಿಡಬಾರದೆಂದು ಮುಕ್ಕಾಲು ಗಂಟೆ ತಿರುಗಿಸಿದೆ. ಮುಚ್ಚಳ ತೆಗೆದರೆ ಮೇಲೆ ಬೆಳ್ಳಗೆ ಹರಳು ಹರಳಾಗಿ ತೇಲುತ್ತಿದೆ, ಕೆಳಗೆ ಸಿಹಿ ನೀರು.

ಎಂಬತ್ತನಾಲ್ಕರ ಅಮ್ಮ ಗೋಡೆ ಹಿಡಿದುಕೊಂಡು ಬಂದು ಇಣುಕಿ ನೋಡಿದಳು. “ಬೆಣ್ಣೆ ಚೆನ್ನಾಗಿ ಬಂದೈತಲ್ಲೋ” ಎಂದಳು, ಮಗ ಕೊನೆಗೂ ಒಂದು ಕೆಲಸ ಕಲಿತ ಅನ್ನುವ ದನಿಯಲ್ಲಿ. “ಇಷ್ಟಕ್ಕೆ ಇಷ್ಟೆಲ್ಲ ರಗಳೆ ಯಾಕೆ? ನಮ್ಮ ಕಡೆಗೋಲೇ ಇತ್ತು.” ಬೆಣ್ಣೆಯನ್ನು ಅವಳೇ ತೊಳೆದು ಕಾಯಿಸಿದಳು. ಆ ವರ್ಷದ ಬಸವ ಜಯಂತಿಯ ಹೋಳಿಗೆಗೆ ನಮ್ಮ ಮನೆಯಲ್ಲಿ ವೆನಿಲಾ ವಾಸನೆಯ ತುಪ್ಪ. ಎದುರುಮನೆ ಮೇಷ್ಟ್ರು ಊಟಕ್ಕೆ ಬಂದವರು ಎರಡು ಸಲ ಹಾಕಿಸಿಕೊಂಡು, ಇದು ಯಾವ ಸೀಮೆ ಹಸುವಿನದು ಎಂದು ಕೇಳಿದರು.

ಅಮ್ಮ ಹೇಳಿದ್ದು ತಮಾಷೆಯಾಗಿರಲಿಲ್ಲ. ಯೋಚಿಸಿ ನೋಡಿದರೆ ಈ ಯಂತ್ರ ಕಡೆಗೋಲೇ. ಅದೇ ಕೆನೆ, ಅದೇ ಸುತ್ತುವುದು. ಮನೆಯ ತಣ್ಣೀರಿನಷ್ಟು ತಂಪಿನಲ್ಲಿ ಕಡೆದರೆ ಕೊಬ್ಬಿನ ಕಣಗಳು ಒಂದನ್ನೊಂದು ಅಂಟಿಕೊಂಡು ಬೆಣ್ಣೆ. ಸೊನ್ನೆಗಿಂತ ಕೆಳಗಿಳಿಸಿ ಕಡೆದರೆ ಅವು ಅಂಟಿಕೊಳ್ಳುವುದಕ್ಕೆ ಮುಂಚೆಯೇ ನೀರು ಹರಳುಗಟ್ಟಿ ಐಸ್‌ಕ್ರೀಂ. ಸಕ್ಕರೆ ಬೆರೆತ ಹಾಲು ಸೊನ್ನೆಗೆ ಹೆಪ್ಪಾಗುವುದೂ ಇಲ್ಲ, ಇನ್ನೂ ಎರಡು ಮೂರು ಡಿಗ್ರಿ ಇಳಿಯಬೇಕು. ಅಲಗಿನ ಕೆಲಸ ಬೋಗುಣಿಯ ಗೋಡೆಗೆ ಕಟ್ಟಿಕೊಳ್ಳುವ ತೆಳುವಾದ ಮಂಜನ್ನು ಕಟ್ಟಿದಂತೆಲ್ಲ ಕೆರೆಯುವುದು. ಹರಳು ದೊಡ್ಡದಾಗಲು ಪುರುಸೊತ್ತೇ ಕೊಡಬಾರದು. ಜೊತೆಗೆ ಗಾಳಿಯೂ ಸೇರಬೇಕು. ಸೇರದಿದ್ದರೆ ಚಮಚ ಇಳಿಯುವುದಿಲ್ಲ.

ಇದನ್ನು ಒಪ್ಪದವರು ನನ್ನ ಹೆಂಡತಿಯ ಚಿಕ್ಕಮ್ಮ, ಹೊಳಲ್ಕೆರೆಯವರು. ಆ ಕಡೆ ಮಾವಿನ ತೋಟ ಜಾಸ್ತಿ. ಮೇ ತಿಂಗಳಲ್ಲಿ ಅವರ ಮನೆಗೆ ಹೋದರೆ ಸೀಕರಣೆಯಲ್ಲೇ ಕೈ ತೊಳೆಸಿ ಕಳಿಸುತ್ತಾರೆ. “ಸೀಕರಣೆನ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಟ್ರೆ ಅದೇ ಐಸ್‌ಕ್ರೀಂ ಅಲ್ವೇನಪ್ಪ, ಮಿಷನ್ನು ಯಾಕೆ?” ಎಂದರು. ಇಟ್ಟರು ಕೂಡ. ಮರುದಿನ ಡಬ್ಬಿಯಿಂದ ಅದನ್ನು ಎಬ್ಬಿಸಲು ಚಿಕ್ಕಪ್ಪ ಚಾಕು, ಆಮೇಲೆ ಸ್ಕ್ರೂಡ್ರೈವರು, ಕೊನೆಗೆ ಒಲೆಯ ಉರಿ ಉಪಯೋಗಿಸಿದರು. ಸುಮ್ಮನೆ ನಿಂತಲ್ಲೇ ಹೆಪ್ಪಾದ ಹಾಲು ಹಾಗೆಯೇ, ಕಲ್ಲು. ಕರಗಿಸಿ ಚಪಾತಿಗೆ ಹಚ್ಚಿ ತಿಂದೆವು, ರುಚಿಗೇನೂ ಮೋಸವಿರಲಿಲ್ಲ. ವಾಪಸು ಬರುವಾಗ ಊರಿನ ಬಯಲು ಗಣಪನಿಗೆ ಕೈ ಮುಗಿದು ಬಂದೆವು. ಹದಿನೈದನೇ ಶತಮಾನದಿಂದ ಬಿಸಿಲಲ್ಲಿ ಕೂತ ಅಷ್ಟು ದೊಡ್ಡ ದೇವರಿಗೆ ಇಷ್ಟು ದಿನ ಬರೀ ಕಡುಬನ್ನೇ ತೋರಿಸಿದ್ದೇವಲ್ಲ ಅನಿಸಿತು.

ಕರೆಂಟಿಲ್ಲದ ಕಾಲದಲ್ಲೂ ಜನ ಇದನ್ನು ತಿರುಗಿಸುತ್ತಿದ್ದರು. ಮರದ ಬಕೆಟ್ಟು, ಅದರೊಳಗೆ ತಗಡಿನ ಪಾತ್ರೆ, ಮೇಲೊಂದು ಹಿಡಿ. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಹೆಣ್ಣುಮಗಳು ಇದಕ್ಕೆ ಪೇಟೆಂಟು ಪಡೆದಳು. ಮಜ್ಜಿಗೆ ಕಡೆದೂ ಕಡೆದೂ ರಟ್ಟೆ ನೋಯಿಸಿಕೊಂಡ ಹೆಂಗಸಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು ಎಂದು ನಮ್ಮಮ್ಮನ ತೀರ್ಪು. ಅಂಥದ್ದೊಂದನ್ನು ನಾನು ಹುಡುಗನಾಗಿದ್ದಾಗ ನಮ್ಮೂರಿನ ಡಾಕ್ಟರೊಬ್ಬರ ಮನೆಯ ನಾಮಕರಣದಲ್ಲಿ ನೋಡಿದ್ದೆ. ಹಿತ್ತಲಲ್ಲಿ ಬಕೆಟ್ಟು. ಸುತ್ತ ಗೋಣಿತಾಟಿನಲ್ಲಿ ಕಟ್ಟಿ ಕೊಡತಿಯಿಂದ ಕುಟ್ಟಿದ ಐಸು, ಮೇಲೆ ಬೊಗಸೆ ಬೊಗಸೆ ಕಲ್ಲುಪ್ಪು. ಹುಡುಗರು ಸರದಿಯ ಮೇಲೆ ಹಿಡಿ ತಿರುಗಿಸಬೇಕು. ತಿರುಗಿಸಿದವರಿಗೆ ಅಲಗು ನೆಕ್ಕುವ ಹಕ್ಕು. ಮೊದಮೊದಲು ಹಗುರ. ಆಮೇಲೆ ಗಟ್ಟಿಯಾದಂತೆ ಬಕೆಟ್ಟೇ ತಿರುಗಲು ಶುರುವಾಗಿ, ಅದರ ಮೇಲೆ ಗೋಣಿಚೀಲ ಹಾಸಿ ಒಬ್ಬ ದಪ್ಪ ಹುಡುಗನನ್ನು ಕೂರಿಸಿದರು. ಆ ಹುಡುಗ ನಾನೇ. ನನಗೆ ಅಲಗು ಸಿಗಲಿಲ್ಲ, ನೆಗಡಿ ಸಿಕ್ಕಿತು.

ಉಪ್ಪು ಯಾಕೆ ಹಾಕುತ್ತಾರೆಂದು ಆ ದಿನ ಯಾರೂ ಹೇಳಲಿಲ್ಲ. ಐಸು ಬೇಗ ಕರಗಲಿ ಅಂತಲೇ ಹಾಕುವುದು. ಕರಗಬೇಕಾದರೆ ಅದಕ್ಕೆ ಶಾಖ ಬೇಕು, ಆ ಶಾಖವನ್ನು ಪಕ್ಕದಲ್ಲಿರುವ ಹಾಲಿನಿಂದ ಕಸಿದುಕೊಳ್ಳುತ್ತದೆ. ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪು ಬಿದ್ದರೆ ಕಾವು ಸೊನ್ನೆಯಿಂದ ಸುಮಾರು 20 ಡಿಗ್ರಿ ಕೆಳಗಿಳಿಯಬಲ್ಲದು. ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ತಿಂದದ್ದು ಐಸು, ಕಂತು ಕಟ್ಟಿದ್ದು ಹಾಲು.

ಇನ್ನೊಂದು ಉಪ್ಪಿನ ಕತೆ ಇದೆ. ಅದನ್ನು ಹೇಳದಿದ್ದರೆ ದುರ್ಗದವನಾಗಿ ನಾನು ಇದನ್ನು ಬರೆದು ಪ್ರಯೋಜನವಿಲ್ಲ. ನಮ್ಮ ಕೋಟೆಯೊಳಗೆ ಹಳ್ಳದಂಥ ಒಂದು ಜಾಗದಲ್ಲಿ ಭಾರಿ ಬೀಸುವ ಕಲ್ಲುಗಳಿವೆ. ನೆಂಟರು ಬಂದಾಗಲೆಲ್ಲ ಅಲ್ಲಿಗೆ ಕರೆದೊಯ್ಯುವುದು ನನ್ನ ಕೆಲಸ. ಆನೆ ಕಟ್ಟಿ ತಿರುಗಿಸುತ್ತಿದ್ದರು ಎನ್ನುವವರೂ ಇದ್ದಾರೆ, ಕೋಣ ಕಟ್ಟಿ ಎನ್ನುವವರೂ ಇದ್ದಾರೆ. ಬೀಸುತ್ತಿದ್ದದ್ದು ರಾಗಿಯನ್ನಲ್ಲ, ಮದ್ದನ್ನು. ಗಂಧಕ, ಇದ್ದಿಲು, ಪೆಟ್ಲುಪ್ಪು. ಈ ಪೆಟ್ಲುಪ್ಪನ್ನು ನೀರಿಗೆ ಹಾಕಿ ಕದಡಿದರೆ ನೀರು ತಣ್ಣಗಾಗುತ್ತದೆ. ಅದರೊಳಗೆ ಹೂಜಿಯ ಕತ್ತು ಹಿಡಿದು ತಿರುಗಿಸುತ್ತಿದ್ದರೆ ಹೂಜಿಯೊಳಗಿನ ನೀರೂ ತಣ್ಣಗಾಗುತ್ತದೆ. ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ಇದನ್ನೇ ಬರೆದಿದ್ದಾನೆ: ಬಂದೂಕಿನಲ್ಲಿ ಬೆಂಕಿಯಾಗುವ ವಸ್ತು ಬಾದಶಹರ ಮನೆಯಲ್ಲಿ ಕುಡಿಯುವ ನೀರಿನ ತಂಪಾಯಿತು ಅಂತ. ಮುಂದೆ ಆಸ್ಥಾನ ಲಾಹೋರಿಗೆ ಹೋದಮೇಲೆ ಬೆಟ್ಟದಿಂದ ಹಿಮವೂ ಬರತೊಡಗಿತು. ನಮ್ಮ ಪಾಳೆಯಗಾರರ ಹತ್ತಿರ ಪೆಟ್ಲುಪ್ಪಿಗೇನೂ ಬರವಿರಲಿಲ್ಲ. ಕೋಟೆಯಲ್ಲಿ ಹಾಲಿತ್ತು, ಹೊಂಡಗಳ ತುಂಬ ನೀರಿತ್ತು, ಬಿಸಿಲಂತೂ ಇದ್ದೇ ಇತ್ತು. 1779ರಲ್ಲಿ ಹೈದರಾಲಿಯ ಕೈಗೆ ಹೋಗುವವರೆಗೂ ಅಷ್ಟು ಪೆಟ್ಲುಪ್ಪನ್ನು ಬೀಸಿ ಬೀಸಿ ಶತ್ರುಗಳ ಮೇಲೆ ಹಾರಿಸಿದರಲ್ಲ, ಒಂದು ಹೂಜಿ ಪಾನಕವನ್ನಾದರೂ ತಣ್ಣಗೆ ಮಾಡಿಕೊಂಡು ಕುಡಿದರೋ ಇಲ್ಲವೋ ಎಂಬ ಕೊರಗು ನನ್ನದು. ಈ ಪ್ರಶ್ನೆಯನ್ನು ಒಬ್ಬ ಗೈಡನ್ನು ಕೇಳಿದೆ. ಅವನು ನನ್ನ ಹೆಂಡತಿಯ ಮುಖ ನೋಡಿದ.

ಐಸು ಅಂತ ನಮ್ಮ ದೇಶಕ್ಕೆ ದೊಡ್ಡ ಗಂಟಾಗಿ ಬಂದದ್ದು ಹಡಗಿನಲ್ಲಿ. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಬಾಸ್ಟನ್ನಿನ ಕೆರೆಗಳ ಮಂಜುಗಡ್ಡೆಯನ್ನು ಕೊಯ್ದು ಮರದ ಪುಡಿಯಲ್ಲಿ ಹೂತು ಕಲ್ಕತ್ತೆಗೆ ಕಳಿಸಿದ. ಮದ್ರಾಸಿನ ಕಡಲದಂಡೆಯಲ್ಲಿ ಅದಕ್ಕೆಂದೇ ಕಟ್ಟಿದ ಐಸ್ ಹೌಸ್ ಈಗ ವಿವೇಕಾನಂದರ ಹೆಸರಿನ ಮನೆ. ನನ್ನ ಕಾಲಕ್ಕೆ ಐಸು ಬರುತ್ತಿದ್ದದ್ದು ಸೈಕಲ್ಲಿನ ಹಿಂದೆ, ಮರದ ಡಬ್ಬಿಯಲ್ಲಿ, ಕ್ಯಾಂಡಿಯಾಗಿ. ಮಾರುವವನು ಡಬ್ಬಿಯ ಮುಚ್ಚಳವನ್ನು ಟಪಟಪ ಬಡಿಯುತ್ತ ಬರುತ್ತಿದ್ದ. ಕಾಸಿಲ್ಲದವರು ಒಂದು ಸೇರು ಕಡ್ಲೇಕಾಯಿ ಕೊಟ್ಟರೂ ನಡೆಯುತ್ತಿತ್ತು, ಹಳೇ ಕಬ್ಬಿಣ ಕೊಟ್ಟರೂ ನಡೆಯುತ್ತಿತ್ತು. ನಮ್ಮ ಬೀದಿಯ ಒಬ್ಬ ಹುಡುಗ ಬಾವಿಯ ರಾಟೆಯನ್ನೇ ಕೊಟ್ಟು ಮೂರು ಕ್ಯಾಂಡಿ ತಿಂದಿದ್ದ. ಅವನಪ್ಪ ಸಂಜೆ ನೀರು ಸೇದಲು ಹೋದಾಗ ಗೊತ್ತಾಯಿತು. ನಾಲಗೆಯ ಬಣ್ಣ ನೋಡಿ ಅಪರಾಧಿಯನ್ನು ಹಿಡಿದರು.

ಈಗ ಮದುವೆ ಛತ್ರದಲ್ಲಿ ಬೀಡಾದ ಪಕ್ಕದಲ್ಲೇ ಐಸ್‌ಕ್ರೀಂ ಕಪ್ಪು ಇಟ್ಟಿರುತ್ತಾರೆ, ತಿನ್ನುವುದಕ್ಕೆ ಒಂದು ಚಪ್ಪಟೆ ಕಡ್ಡಿ. ಆ ಕಪ್ಪಿನ ಮೇಲಿನ ಸಣ್ಣಕ್ಷರವನ್ನು ಕನ್ನಡಕ ಹಾಕಿಕೊಂಡು ಓದುವುದು ನನ್ನ ಚಟ. ಎಷ್ಟೋ ಸಲ ಅದರ ಮೇಲೆ ಐಸ್‌ಕ್ರೀಂ ಅಂತ ಇರುವುದೇ ಇಲ್ಲ, ಫ್ರೋಜನ್ ಡೆಸರ್ಟ್ ಅಂತ ಇರುತ್ತದೆ. ಬರೀ ಐಸ್‌ಕ್ರೀಂ ಎಂದು ಕರೆಸಿಕೊಳ್ಳಬೇಕಾದರೆ ನೂರಕ್ಕೆ 10 ಪಾಲಾದರೂ ಹಾಲಿನ ಕೊಬ್ಬು ಇರಬೇಕೆಂದು ಕಾನೂನು. ಅದರ ಬದಲು ಗಿಡದ ಎಣ್ಣೆ ಹಾಕಿದರೆ ಈ ಇನ್ನೊಂದು ಹೆಸರು. ವಿಷವೇನಲ್ಲ, ತಿನ್ನಬಹುದು. ಆದರೆ ಹಾಲೇ ಆಗಿರಲಿ ಎನ್ನುವವರು ಮನೆಯಲ್ಲಿ ಮಾಡಿಕೊಳ್ಳಬೇಕು. ನನ್ನ ಲೆಕ್ಕ ಇದು: ಅರ್ಧ ಲೀಟರು ಎಮ್ಮೆ ಹಾಲು, ಕಾಲು ಲೀಟರು ಅಂಗಡಿಯ ಪ್ಯಾಕೆಟ್ ಕ್ರೀಮು, 150 ಗ್ರಾಂ ಸಕ್ಕರೆ, ಒಂದು ಚಮಚ ಕಾರ್ನ್‌ಫ್ಲೋರು, ಚಿಟಿಕೆ ಉಪ್ಪು. ಕೊಬ್ಬು ಹೆಚ್ಚುಕಮ್ಮಿ ಕಾನೂನಿನ ಗೆರೆಗೆ ಬಂದು ನಿಲ್ಲುತ್ತದೆ. ಹಾಲು, ಹಿಟ್ಟು, ಸಕ್ಕರೆ ಕಾಯಿಸಿ, ಆರಿಸಿ, ಕ್ರೀಮು ಸೇರಿಸಿ ಒಂದು ರಾತ್ರಿ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಇಡಬೇಕು. ಬಿಸಿ ಬಿಸಿ ಸುರಿದರೆ ಬೋಗುಣಿ ಸಾಲ ತಂದ ತಂಪೆಲ್ಲ ಹಾಲು ಆರಿಸುವುದಕ್ಕೇ ಖಾಲಿ. ಕೆಲವರು ಜಿಎಂಎಸ್, ಸಿಎಂಸಿ ಅಂತ ಎರಡು ಪುಡಿ ಹಾಕುತ್ತಾರೆ. ಯಂತ್ರ ಇಲ್ಲದವರಿಗೆ ಅವು ಉಪಕಾರಿ. ನನಗೆ ಆ ಹೆಸರುಗಳು ಸರ್ಕಾರಿ ಸುತ್ತೋಲೆಯ ಹಾಗೆ ಕೇಳಿಸುತ್ತವೆ, ಹಾಕುವುದಿಲ್ಲ.

ಯಂತ್ರ ಬಂದ ಸುದ್ದಿ ನೆಂಟರಿಗೆ ಮುಟ್ಟಿದ್ದೇ ತಡ, ಹಣ್ಣುಗಳು ಬಸ್ಸು ಹತ್ತಿ ಬರತೊಡಗಿದವು. ಹೊಸದುರ್ಗದ ಅಕ್ಕ ಒಂದು ಚೀಲ ಎಳನೀರು ಕಳಿಸಿದಳು. ನೀರನ್ನೇ ಬೋಗುಣಿಗೆ ಸುರಿದೆ. ಅಷ್ಟು ಸಿಹಿಗೆ ಅದು ಒಪ್ಪಲಿಲ್ಲ, ಗೋಡೆಗೆ ಗಡ್ಡೆಯಾಗಿ ಕಚ್ಚಿಕೊಂಡು ಅಲಗೇ ನಿಂತಿತು. ಗಂಜಿಯನ್ನು ರುಬ್ಬಿ ಹಾಲಿನ ಜೊತೆ ಹಾಕಿದ ಮೇಲೆ ಸರಿಹೋಯಿತು. ಭಾವ ಫೋನಿನಲ್ಲಿ, ಕಾಯಿ ರೇಟು ಈ ಪಾಟಿ ಇರುವಾಗ ಎಳನೀರು ಕುಡಿಯೋದೇ ಪಾಪ, ಇವರು ರುಬ್ಬುತ್ತಾರಂತೆ ಎಂದರು.

ಹಿರಿಯೂರಿನ ಸೋದರಮಾವನದು ದಾಳಿಂಬೆ ತೋಟ. ಅವರು ಕಳಿಸಿದ್ದು ಒಂದು ಕ್ರೇಟು. ರಸ ತೆಗೆದು ಬಿಸಿ ಹಾಲಿಗೆ ಹಾಕಿದೆ, ಒಡೆದು ಗುಲಾಬಿ ಬಣ್ಣದ ಗಿಣ್ಣಾಯಿತು. ಮರುದಿನ ಕಾಳುಗಳನ್ನೇ ಇಡಿಯಾಗಿ ಹಾಕಿದೆ. ಹೆಪ್ಪಾದ ದಾಳಿಂಬೆ ಕಾಳು ಕಚ್ಚಿ ನೋಡಿದ ಮೇಲೆ ನಮ್ಮೂರಿನ ಹಲ್ಲಿನ ಡಾಕ್ಟರು ಯಾಕೆ ಹೊಸ ಕಾರು ತಗೊಂಡರು ಗೊತ್ತಾಯಿತು. ಕೊನೆಗೆ ಹಾಲಿನ ಹಂಗೇ ಬೇಡವೆಂದು ಬರೀ ರಸ, ಸಕ್ಕರೆ ಪಾಕ, ಒಂದು ನಿಂಬೆಹೋಳು ಹಾಕಿ ತಿರುಗಿಸಿದೆ. ಅದು ಗೆದ್ದಿತು. ಕೆಂಪಗೆ, ಒಗರು-ಸಿಹಿಯಾಗಿ, ಬಾಯಲ್ಲಿಟ್ಟರೆ ಮಂಜಿನ ಹಾಗೆ. ಒಂದು ಪಾತ್ರೆ ಮಾವನಿಗೇ ಒಯ್ಯೋಣವೆಂದು ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಬಸ್ಸು ಹತ್ತಿದೆವು. ಹಿರಿಯೂರಿಗೆ ಇರುವುದು ಒಂದು ಗಂಟೆಯ ಹಾದಿ. ದಾರಿಯಲ್ಲಿ ಟಯರು ಪಂಕ್ಚರ್. ತಲುಪುವಷ್ಟರಲ್ಲಿ ಅದು ಶರಬತ್ತು.

ಮಾವ ಬೇಸರ ಮಾಡಿಕೊಳ್ಳಲಿಲ್ಲ, ಲೋಟಕ್ಕೆ ಬಗ್ಗಿಸಿ ಕುಡಿದರು. ಕಾಯುವುದರಲ್ಲಿ ಆ ಊರಿನವರನ್ನು ಮೀರಿಸುವವರಿಲ್ಲ. ಮಾರಿಕಣಿವೆಯ ವಾಣಿ ವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದದ್ದು. 1933ರಲ್ಲಿ ತುಂಬಿ ಕೋಡಿ ಬಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಕ್ಕೆ. ಮಾವನ ತಂದೆ ಹುಡುಗನಾಗಿದ್ದಾಗ ನೋಡಿದ್ದನ್ನೇ ಹೇಳಿ ಹೇಳಿ ತೀರಿಕೊಂಡರು; ಮಾವ ಅದನ್ನು ಅಪ್ಪನ ಬಡಾಯಿ ಎಂದೇ ಇಟ್ಟುಕೊಂಡಿದ್ದರು. 2022ರಲ್ಲಿ ನಾವೂ ನೋಡಲು ಹೋಗಿದ್ದೆವು. ಜಾತ್ರೆ ಅಂದರೆ ಜಾತ್ರೆ. ಕೋಡಿಯ ನೀರಿಗೆ ಕೈ ಮುಗಿಯುವವರು, ಬಾಗಿನ ಬಿಡುವವರು, ಮಂಡಕ್ಕಿ ಮೆಣಸಿನಕಾಯಿ ತಿನ್ನುವವರು, ನಡುವೆ ಐಸ್‌ಕ್ರೀಂ ಗಾಡಿ. ಮಾವ ಮೊಮ್ಮಗನಿಗೊಂದು ಕೋನು ಕೊಡಿಸಿ, ತಾವು ನೀರು ನೋಡುತ್ತ ನಿಂತುಬಿಟ್ಟರು. ಹುಡುಗನೂ ನೀರು ನೋಡುತ್ತ ನಿಂತ. ಕೋನು ಕರಗಿ ಮೊಣಕೈವರೆಗೂ ಇಳಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಸೆಪ್ಟೆಂಬರ್ ಅಂದರೆ ನಮ್ಮಲ್ಲಿ ಸೀತಾಫಲ. ಜೋಗಿಮಟ್ಟಿಯ ಕಡೆಯ ಗುಡ್ಡಗಳಲ್ಲಿ ಯಾರೂ ನೆಡದೆ, ನೀರೆರೆಯದೆ ಬೆಳೆಯುತ್ತದೆ. ಬೆಳಗ್ಗೆ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದು ರಸ್ತೆಬದಿಯಲ್ಲಿ ಕೂರುತ್ತಾರೆ. ಯಂತ್ರ ಬಂದ ದಿನದಿಂದ ನಾನು ಕಾದದ್ದು ಇದಕ್ಕೇ. ಈ ಹಣ್ಣಿಗೆ ಬೆಂಕಿ ಆಗದು, ಕಾಯಿಸಿದರೆ ಕಹಿ. ಸಿಪ್ಪೆಯ ಹತ್ತಿರದ ತಿರುಳು ಮರಳು ಮರಳು, ಅದನ್ನು ಬಿಡಬೇಕು. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕೆಟ್ಟುಹೋಗುತ್ತದೆ, ಅದಕ್ಕೇ ಜರಡಿಯ ಮೇಲೆ ಬೆರಳಲ್ಲೇ ಉಜ್ಜಬೇಕು. ಹನ್ನೆರಡು ಹಣ್ಣಿಗೆ ಒಂದೂವರೆ ಲೋಟ ತಿರುಳು, ಒಂದೂವರೆ ಗಂಟೆ, ಒಂದು ಪೂರ್ತಿ ರೇಡಿಯೋ ನಾಟಕ. ಆ ಸಲ ಕರೆಂಟು ಹೋಗಲಿಲ್ಲ. ಬೋಗುಣಿ ಗುಳುಗುಳು ಅನ್ನಲಿಲ್ಲ. ಹೆಂಡತಿಯ ಕಿವಿಯಿಂದಲೂ ಖಾತ್ರಿ ಮಾಡಿಸಿಕೊಂಡೆ. ಇಪ್ಪತ್ತೆರಡು ನಿಮಿಷಕ್ಕೆ ಮೋಟಾರಿನ ದನಿ ಏದುಸಿರಾಯಿತು. ಮುಚ್ಚಳ ತೆಗೆದರೆ ಅಲಗಿನ ಸುತ್ತ ಮಡಿಕೆ ಮಡಿಕೆಯಾಗಿ ಬೆಳ್ಳಗೆ ಕೂತಿದೆ. ಇನ್ನೂ ನಾಲ್ಕು ಗಂಟೆ ಫ್ರೀಜರಿನಲ್ಲಿಟ್ಟರೆ ಅಂಗಡಿಯದರ ಹಾಗೆ ಗಟ್ಟಿಯಾಗುತ್ತದೆಂದು ಪುಸ್ತಕದಲ್ಲಿತ್ತು. ಯಾರೂ ಕಾಯಲಿಲ್ಲ. ಆ ಮೆತ್ತನೆಯ ಹದ ಅಂಗಡಿಯಲ್ಲಿ ಸಿಗುವುದಿಲ್ಲ. ಮನೆಯಲ್ಲಿ ಮಾಡುವುದೇ ಆ ಹತ್ತು ನಿಮಿಷಕ್ಕೆ.

ಅಮ್ಮನಿಗೆ ಮೊದಲ ಬಟ್ಟಲು. ಹಲ್ಲು ಜುಮ್ಮೆನ್ನುತ್ತದೆಂದು ಬಾಯಲ್ಲೇ ಇಟ್ಟುಕೊಂಡು ನಿಧಾನವಾಗಿ ಕರಗಿಸಿದಳು. ನಾವೆಲ್ಲ ಮುಖ ನೋಡುತ್ತ ನಿಂತೆವು. ಎರಡನೇ ಚಮಚ, ಮೂರನೆಯದು. ಆಮೇಲೆ ನಾಲಗೆಯನ್ನು ಬಾಯೊಳಗೆಲ್ಲ ಆಡಿಸಿ ಏನನ್ನೋ ಹುಡುಕಿದಳು.

“ಬೀಜ ಎಲ್ಲೋ?”

“ತೆಗೆದಿದೀನಿ ಕಣಮ್ಮ, ಒಂದೂವರೆ ಗಂಟೆ ಕೂತು.”

“ಉಗಿಯೋಕೇನೂ ಇಲ್ಲದಂಗೆ ಮಾಡಿದೀಯಲ್ಲೋ” ಎಂದು ಬಟ್ಟಲನ್ನು ಮುಂದಕ್ಕೆ ಚಾಚಿದಳು. “ಇನ್ನೊಂಚೂರು ಹಾಕು. ಆ ಬೀಜ ಬಿಸಾಡಬೇಡ, ಹಿತ್ತಲಿಗೆ ಎಸೆದು ಬಾ.”